ಹೊರಗೆ ಕಾಣದ ಕೆಚ್ಚಲು ಬಾವು: ನಿಮ್ಮಲ್ಲಿ ಎಷ್ಟು ಆಕಳಿಗೆ ಬಂದಿತ್ತು?

ಜಮಖಂಡಿಯಿಂದ
ನಮಸ್ಕಾರ ರೀ. ನಮ್ಮಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ತಳಿ) ಆಕಳು ಇವೆ. ದೊಡ್ಡದು ಹೊತ್ತಿಗೆ 7 ಲೀಟರ್ ಕೊಡುತ್ತಿತ್ತು, ತಿಂಗಳಿಂದ ಐದೂವರೆಗೆ ಇಳಿದಿದೆ. ಮೇವು, ಹಿಂಡಿ ಏನೂ ಕಡಿಮೆ ಮಾಡಿಲ್ಲ. ಕೆಚ್ಚಲು ಮೆತ್ತಗಿದೆ, ಹಾಲು ಬೆಳ್ಳಗೇ ಇದೆ. ಡಾಕ್ಟರು ‘ಒಳಗೊಳಗೇ ಕೆಚ್ಚಲು ಬಾವು ಇರಬಹುದು’ ಅಂದರು. ಹೀಗೆ ಕಾಣದ ಬಾವು ಅಷ್ಟು ಸಾಮಾನ್ಯವಾ? ಉಳಿದ ಮೂರನ್ನೂ ಪರೀಕ್ಷೆ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ.

ರಾಯಬಾಗದಿಂದ
ಮೂರನ್ನೂ ಮಾಡಿಸಿ ಅಣ್ಣಾ. ಹಿಂದಿನ ವರ್ಷ ನಾನು ಹಾಲು ಇಳಿದ ಆಕಳನ್ನು ಮಾತ್ರ ತೋರಿಸಿ ಸುಮ್ಮನಾಗಿದ್ದೆ. ಎರಡು ತಿಂಗಳು ಕಳೆದ ಮೇಲೆ ಆರನ್ನೂ ನೋಡಿಸಿದರೆ ಮೂರಕ್ಕೆ ಸೋಂಕು ಇತ್ತು. ಒಂದಕ್ಕೂ ಬಾವು ಇಲ್ಲ, ಜ್ವರ ಇಲ್ಲ.

ಪರೀಕ್ಷೆ ಐದು ನಿಮಿಷದ ಕೆಲಸ. ಡಾಕ್ಟರು ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆ ತಂದಿದ್ದರು. ಮೊದಲ ಎರಡು ಧಾರೆ ಚೆಲ್ಲಿ, ಒಂದೊಂದು ಮೊಲೆಯ ಹಾಲನ್ನು ಒಂದೊಂದು ಬಟ್ಟಲಿಗೆ ಸ್ವಲ್ಪ ಹಿಂಡಿದರು. ಹಾಲಿನಷ್ಟೇ ನೇರಳೆ ಔಷಧ ಹಾಕಿ ತಟ್ಟೆಯನ್ನು ಗುಂಡಗೆ ತಿರುಗಿಸಿದರು. ಮೂರು ಬಟ್ಟಲಲ್ಲಿ ನೀರಿನ ಹಾಗೆ ಓಡಾಡಿತು. ಹಿಂದಿನ ಬಲಗಡೆ ಮೊಲೆಯದು ಮಾತ್ರ ನೋಡುತ್ತಿದ್ದ ಹಾಗೇ ಬೆಂಡೆಕಾಯಿ ಲೋಳೆಯಂತಾಗಿ ನಡುವೆ ಗುಡ್ಡೆ ಕಟ್ಟಿತು. ಅದೇ ಹಾಲನ್ನು ಅವತ್ತು ಬೆಳಿಗ್ಗೆ ನಾವು ಚಹಾಕ್ಕೆ ಹಾಕಿದ್ದೆವು. ಕಣ್ಣಿಗೆ ಏನೂ ಗೊತ್ತಾಗಿರಲಿಲ್ಲ.

ಸೋಂಕು ತಗುಲಿದ ಮೊಲೆಗೆ ರಕ್ತದ ಬಿಳಿ ಕಣಗಳು ಬಂದು ಸೇರುತ್ತವಂತೆ. ಔಷಧ ಅವನ್ನು ಒಡೆದಾಗ ಲೋಳೆಯಾಗುತ್ತದೆ. ಒಂದು ಎಂಎಲ್ ಹಾಲಿನಲ್ಲಿ ಕಣಗಳು 2 ಲಕ್ಷ ದಾಟಿದರೆ ಸೋಂಕು ಇದೆ ಅಂತ ಹಿಡಿಯುತ್ತಾರೆ.

ಎಷ್ಟು ಸಾಮಾನ್ಯ ಅಂತ ಕೇಳಿದಿರಲ್ವಾ? ದನಕರುಗಳ ರೋಗದ ಬಗ್ಗೆ ಅಧ್ಯಯನ ಮಾಡುವ ಬೆಂಗಳೂರಿನ ನಿವೇದಿ ಸಂಸ್ಥೆಯವರು ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಹಾಕಿ 2021ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಭಾರತದಲ್ಲಿ ಕಾಣದ ಬಾವು ನೂರಕ್ಕೆ ಸುಮಾರು 45, ಕಾಣುವ ಬಾವು ಸುಮಾರು 18. ನನ್ನ ಆರರಲ್ಲಿ ಮೂರು ಸಿಕ್ಕಿದ್ದು ನನ್ನ ದುರದೃಷ್ಟ ಅಂದುಕೊಂಡಿದ್ದೆ. ಈ ಲೆಕ್ಕ ಕೇಳಿದ ಮೇಲೆ, ಎಲ್ಲರ ಮನೆಯಲ್ಲೂ ಇದೆ, ಯಾರೂ ನೋಡಿಲ್ಲ ಅನಿಸಿತು.

ಹುಕ್ಕೇರಿಯಿಂದ
ಅಣ್ಣಾ, ಹಿಂಡುವ ಸಾಲು ಇವತ್ತೇ ಬದಲಿಸಿ. ಚೆನ್ನಾಗಿರುವ ಆಕಳು ಮೊದಲು, ಸೋಂಕು ಇರುವುದು ಕೊನೆಗೆ. ರೋಗ ನಮ್ಮ ಕೈಯಿಂದಲೇ, ಕೆಚ್ಚಲು ಒರೆಸುವ ಬಟ್ಟೆಯಿಂದಲೇ ದಾಟುತ್ತದೆ. ನಮ್ಮ ಮನೆಯಲ್ಲಿ ಒಂದೇ ಬಟ್ಟೆಯಲ್ಲಿ ಐದಾರು ಆಕಳು ಒರೆಸುತ್ತಿದ್ದೆವು. ಈಗ ಆಕಳಿಗೊಂದು ಬಟ್ಟೆ, ದಿನಾ ಬಿಸಿನೀರಿಗೆ ಹಾಕಿ ಬಿಸಿಲಲ್ಲಿ ಒಣಗಿಸುತ್ತೇನೆ.

ಇನ್ನೊಂದು ಮುಖ್ಯ. ಹಿಂಡಿದ ಮೇಲೆ ಮೊಲೆಯ ತೂತು ತಕ್ಷಣ ಮುಚ್ಚಿಕೊಳ್ಳುವುದಿಲ್ಲ, ಅರ್ಧ ತಾಸಾದರೂ ಬೇಕು. ಆಕಳು ಆಗಲೇ ಸೆಗಣಿಯಲ್ಲಿ ಮಲಗಿದರೆ ಮುಗಿಯಿತು. ಅದಕ್ಕೇ ನಾನು ಮೇವು ಉಳಿಸಿಕೊಂಡು, ಹಿಂಡಿದ ಕೂಡಲೇ ಗೋದಲಿಗೆ ಹಾಕುತ್ತೇನೆ. ತಿನ್ನುತ್ತಾ ನಿಂತಿರುತ್ತದೆ. ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದನ್ನೂ ಬಿಡಬೇಡಿ.

ಇಂಡಿಯಿಂದ
ಆ ನೇರಳೆ ಔಷಧ ಸಿಗದಿದ್ದರೆ ಬಟ್ಟೆ ತೊಳೆಯುವ ಪುಡಿಯೂ ನಡೆಯುತ್ತದೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಕರಗಿಸಿ, ಹಾಲಿನಷ್ಟೇ ಹಾಕಿ ತಿರುಗಿಸಿ. ಲೋಳೆ ಬಂದರೆ ಡಾಕ್ಟರಿಗೆ ಹೇಳಿ. ಕರು ಹಾಕಿದ ಮೊದಲ ವಾರ ಮಾಡಬೇಡಿ, ಹಾಲು ಬತ್ತುವ ಹೊತ್ತಿನಲ್ಲೂ ಬೇಡ. ಆಗ ಸೋಂಕು ಇಲ್ಲದಿದ್ದರೂ ಗಟ್ಟಿಯಾಗುತ್ತದೆ, ಸುಮ್ನೆ ಗಾಬರಿ. ಡಾಕ್ಟರು ಹತ್ತಿರ ಇಲ್ಲದವರು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಮುಧೋಳದಿಂದ
ದಯವಿಟ್ಟು ಅಂಗಡಿಯಿಂದ ಔಷಧದ ಟ್ಯೂಬ್ ತಂದು ನೀವೇ ಮೊಲೆಯೊಳಗೆ ಏರಿಸಬೇಡಿ. ನಾನು ಹಾಗೆ ಮಾಡಿ ಒಂದು ಮೊಲೆಯನ್ನೇ ಕಳೆದುಕೊಂಡೆ, ಈಗಲೂ ಮೂರೇ ಮೊಲೆಯ ಹಾಲು. ಹಾಲನ್ನು ಲ್ಯಾಬಿಗೆ ಕಳಿಸಿದರೆ ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಹೇಳುತ್ತಾರೆ. ಕೆಲವು ರೋಗಾಣುಗಳು ಕೆಚ್ಚಲಿನ ಒಳಗೆ ಆಳಕ್ಕೆ ಬೇರು ಬಿಟ್ಟಿರುತ್ತವೆ. ಅಂಥದಕ್ಕೆ ಕರು ಹಾಕುವ ಎರಡು ತಿಂಗಳು ಮೊದಲು, ಹಾಲು ಬತ್ತಿಸುವಾಗ ಕೊಡುವ ಟ್ಯೂಬೇ ಒಳ್ಳೆಯದು ಅಂತ ನಮ್ಮ ಡಾಕ್ಟರು ಹೇಳಿದರು. ಔಷಧ ನಡೆಯುವಾಗ, ಆಮೇಲೆ ಅವರು ಹೇಳಿದಷ್ಟು ದಿನ, ಆ ಹಾಲನ್ನು ಡೇರಿಗೆ ಹಾಕಬೇಡಿ. ಅದನ್ನು ಯಾರದೋ ಮನೆಯ ಮಕ್ಕಳು ಕುಡಿಯುತ್ತಾರೆ.

ಜಮಖಂಡಿಯಿಂದ
ಎಲ್ಲರಿಗೂ ಧನ್ಯವಾದ. ಇವತ್ತು ಸಂಜೆ ನಾಲ್ಕನ್ನೂ ನೋಡಿಸಿದೆ. ದೊಡ್ಡದಕ್ಕೆ ಹಿಂದಿನ ಎರಡೂ ಮೊಲೆಯಲ್ಲಿ ಲೋಳೆ ಬಂತು. ಚೊಚ್ಚಲ ಕರು ಹಾಕಿ ಮೂರು ತಿಂಗಳಾದ ಆಕಳಿಗೂ ಮುಂದಿನ ಎಡಗಡೆ ಒಂದರಲ್ಲಿ ಬಂತು. ಅದು ಒಂದು ಲೋಟ ಹಾಲನ್ನೂ ಕಡಿಮೆ ಮಾಡಿರಲಿಲ್ಲ! ಅವೆರಡನ್ನೂ ಇವತ್ತು ಕೊನೆಗೆ ಹಿಂಡಿದ್ದೇವೆ. ನಾಳೆ ಬೆಳಿಗ್ಗೆ ಎರಡರ ಹಾಲನ್ನೂ ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಒಯ್ಯುತ್ತೇನೆ.