ಗುಡ್ಡದ ಹಳ್ಳಕ್ಕೆ ಕಾಂಕ್ರೀಟ್ ಹಾಕಿಸೋದಾ, ಮಣ್ಣಿನ ದಡವೇ ಇರಲಾ? ಅನುಭವ ಇದ್ದವರು ಹೇಳಿ

ಕೇಳಿದವರು, ಚಿತ್ರದುರ್ಗ: ಮಳೆ ಜೋರಾದರೆ ಹಳ್ಳದ ನೀರು ಮನೆಗಳಿಗೆ ನುಗ್ಗುತ್ತದೆ. ಬಡಾವಣೆ ಸಂಘದವರು ತಳಕ್ಕೂ ಬದಿಗೂ ಕಾಂಕ್ರೀಟ್ ಹಾಕಿ, ಮೇಲೆ ಸ್ಲ್ಯಾಬ್ ಮುಚ್ಚೋಣ ಅಂತಿದ್ದಾರೆ. ಅದರ ಬದಲು ದಡಕ್ಕೆ ಹಸಿರು ಬೆಳೆಸಿದವರು ಇದ್ದೀರಾ?

ಬಾತಿ ರಸ್ತೆ, ದಾವಣಗೆರೆ: ಸ್ಲ್ಯಾಬ್ ಮಾತ್ರ ಬೇಡ. ನಮ್ಮ ಬೀದಿಯಲ್ಲಿ ಮನೆಗೆ 18,000 ರೂಪಾಯಿ ಎತ್ತಿ ಮುಚ್ಚಿಸಿದರು. ಹೂಳು ಒಳಗೇ ಕೂತಿತು. ಜೆಸಿಬಿ ಬಕೆಟ್ ಇಳಿಯಲ್ಲ. ಸ್ಲ್ಯಾಬ್ ಒಡೆಯಲು 6,500, ಹೂಳು ಸಾಗಿಸಲು ಟ್ರ್ಯಾಕ್ಟರ್ ಲೋಡಿಗೆ 900, ಮತ್ತೆ ಮುಚ್ಚಲು 11,000. ಗುತ್ತಿಗೆದಾರ ಫೋನೇ ಎತ್ತಲಿಲ್ಲ. ನೀರು ಉಕ್ಕಿ ಮನೆಗೆ ನುಗ್ಗಿ ಅಕ್ಕಿ ಮೂಟೆ, ಮಗಳ ಪುಸ್ತಕ, ಅಮ್ಮನ ಟ್ರಂಕು ಎಲ್ಲ ಕೊಳಚೆಯಲ್ಲಿ ನೆನೆದವು.

ತುಂಗಭದ್ರಾ ದಡ, ಹರಿಹರ: ನಾವು ಮಣ್ಣಿನ ದಡ ಉಳಿಸಿಕೊಂಡೆವು. ಇಳಿಜಾರಿಗೆ ಲಾವಂಚ, ಮೇಲೆ ಹೊಂಗೆ. ಲಾವಂಚದ ಬೇರು ನೇರ ಕೆಳಗಿಳಿದು ಮಣ್ಣು ಹಿಡಿಯುತ್ತದೆ. ಮೊದಲ ಮಳೆಗೆ ಅರ್ಧ ಸಸಿ ಕೊಚ್ಚಿಹೋದವು. ಸಸಿಗೆ 8 ರೂಪಾಯಿಯಂತೆ ಮತ್ತೆ ತಂದು, ಗೋಣಿಚೀಲ ಹಾಸಿ ನೆಟ್ಟೆವು. ಈಗ ಮಿಂಚುಳ್ಳಿ ಬಂದು ಕೂರುತ್ತದೆ.

ಪಿಚಿಂಗ್ ಮಾಡಿಸಿದವ, ದಾವಣಗೆರೆ: ಮಿಂಚುಳ್ಳಿ ಸರಿ ಸ್ವಾಮಿ, ಜಾಗ ಎಲ್ಲಿದೆ? ನಮ್ಮದು ಓಣಿಯಷ್ಟು ಅಗಲ. ಅಲ್ಲಿ ಪೊದೆ ಬೆಳೆದರೆ ನೀರು ತಡೆದು ಮಟ್ಟ ಏರುತ್ತದೆ. ಬದಿಗೆ ಪಿಚಿಂಗ್, ಅಂದರೆ ಇಳಿಜಾರಿಗೆ ಕಲ್ಲು ಜೋಡಿಸೋದು, ಮಾಡಿಸಿದೆವು. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಸುತ್ತೇವೆ. ಮನೆಗೆ ಒಂದು ಹನಿ ಬಂದಿಲ್ಲ.

ತುಂಗಭದ್ರಾ ದಡ: ಜಾಗ ಕಿರಿದಾಗಿದ್ದು ಹಳ್ಳಕ್ಕೇ ಕಾಂಪೌಂಡ್ ತಂದಿದ್ದರಿಂದ ಅಲ್ವಾ? ನೀವು ಬೇಗ ದಾಟಿಸಿದ ನೀರು ಕೆಳಗಿನವರ ಮನೆಗೆ ನುಗ್ಗುತ್ತದೆ.

ಪಿಚಿಂಗ್ ಮಾಡಿಸಿದವ: ನಮ್ಮ ಸೈಟಿಗೆ ಖಾತೆ ಇದೆ. ಒತ್ತುವರಿ ಅಂತ ಸುಮ್ನೆ ಹೇಳಬೇಡಿ.

ಕೋಟೆ ಕೆಳಗಿನವಳು, ಚಿತ್ರದುರ್ಗ: ಇಬ್ಬರೂ ಹಳ್ಳ ಮಾತ್ರ ನೋಡ್ತಿದ್ದೀರಿ. ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಮುಂದೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ನೀರು ಇಳಿಯುವಂತೆ ಕಟ್ಟಿದ್ದಾರೆ. ಮೇಲೆ ನಿಲ್ಲಿಸಿದರೆ ಕೆಳಗೆ ನುಗ್ಗಲ್ಲ. ನಮ್ಮ ಬೀದಿಯವರು ಚಾವಣಿ ನೀರನ್ನು ಇಂಗುಗುಂಡಿಗೆ ಬಿಟ್ಟೆವು, ಮನೆಗೆ 14,000 ಆಯಿತು. ಮಳೆನೀರಿನ ಚರಂಡಿಗೆ ಸೇರಿಸಿದ ಶೌಚಾಲಯದ ಪೈಪು ಮೊದಲು ಕೀಳಿಸಿ. ಊರಿನ ಕೊಳಚೆ ಮಲ್ಲಾಪುರ ಕೆರೆ ಸೇರೋದು ಹಾಗೇ. ಚಂದ್ರವಳ್ಳಿ ಕೆರೆಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಗಣೇಶನನ್ನು ಬಿಡೋದೂ ನಿಲ್ಲಬೇಕು.

ಬಾತಿ ರಸ್ತೆ: ಹಬ್ಬ ಯಾಕೆ ಎಳೆಯುತ್ತೀರಿ ಮೇಡಂ? ವರ್ಷವಿಡೀ ಬರೋ ಕೊಳಚೆ ಮೊದಲು ನಿಲ್ಲಲಿ.

ಕೋಟೆ ಕೆಳಗಿನವಳು: ಹಬ್ಬ ಬೇಡ ಅಂದೆನಾ? ಜೇಡಿಮಣ್ಣಿನ ಗಣಪ ಕೂರಿಸಿ ಅಂದೆ. ನಮ್ಮ ಮನೆಯಲ್ಲಿ ಬಕೆಟ್‌ನಲ್ಲೇ ಬಿಟ್ಟು, ಆ ಮಣ್ಣನ್ನು ದಾಸವಾಳದ ಬುಡಕ್ಕೆ ಹಾಕ್ತೇವೆ.