ಕನ್ನಡದಲ್ಲಿ ಕೇಳಿದರೆ ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾನೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ದಾವಣಗೆರೆಯವರು. ಮೆಲ್ಬರ್ನ್‌ಗೆ ಬಂದು ಒಂದೂವರೆ ವರ್ಷ ಆಯ್ತು. ಮಗನಿಗೆ ಐದೂವರೆ. ಬರುವಾಗ ಅರಳು ಹುರಿದ ಹಾಗೆ ಕನ್ನಡ ಮಾತಾಡುತ್ತಿದ್ದ. ಈಗ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಎರಡೂ ಬೆರೆಸುತ್ತಾನೆ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂತ ಟೀಚರ್ ಹೇಳಿದರು. ವಿಡಿಯೊ ಕಾಲ್‌ನಲ್ಲಿ ಅಜ್ಜಿ ಮಾತಾಡಿಸಿದರೆ "ಹ್ಞೂಂ" ಅಂದು ಓಡಿಹೋಗುತ್ತಾನೆ. ಅತ್ತೆ ಫೋನ್ ಇಟ್ಟ ಮೇಲೆ ಅಳ್ತಾರಂತೆ. ಟೀಚರ್ ಹೇಳಿದ ಹಾಗೆ ಮಾಡಲಾ?

ಉತ್ತರ (ವಾಕ್ ಚಿಕಿತ್ಸಕಿ): ಬೇಡಮ್ಮ. ಮನೆಯ ಕನ್ನಡ ನಿಲ್ಲಿಸಬೇಡಿ. ಎರಡು ಭಾಷೆ ಕೇಳಿದರೆ ಮಗುವಿಗೆ ಗೊಂದಲ ಅನ್ನುವುದು ಹಳೆಯ ನಂಬಿಕೆ, ಸಂಶೋಧನೆ ಅದನ್ನು ಒಪ್ಪುವುದಿಲ್ಲ. "ಅಮ್ಮಾ, ನಂಗೆ ವಾಟರ್ ಬೇಕು" ಅಂದಾಗ ಗಮನಿಸಿ. ಪದ ಒಂದು ಇಂಗ್ಲಿಷ್, ವಾಕ್ಯದ ಕಟ್ಟು ಪೂರ್ತಿ ಕನ್ನಡ. ದೊಡ್ಡವರಾದ ನಾವೂ ಹೀಗೇ ಮಾತಾಡ್ತೀವಿ ಅಲ್ವಾ? ಶಾಲೆ, ಆಟದ ಮೈದಾನ, ಟಿವಿ, ಎಲ್ಲ ಕಡೆಯೂ ಅವನಿಗೆ ಇಂಗ್ಲಿಷ್ ಸಿಗುತ್ತದೆ. ಕನ್ನಡ ಸಿಗುವುದು ನಿಮ್ಮಿಂದ ಮಾತ್ರ.

ಅವನಿಗೆ ಕನ್ನಡ ಅರ್ಥವಾಗುತ್ತಿದೆ, ಅದಕ್ಕೇ ಸರಿಯಾದ ಉತ್ತರ ಬರುತ್ತಿದೆ. ಕಮ್ಮಿಯಾಗಿರುವುದು ಬಾಯಿಯ ರೂಢಿ. "ಕನ್ನಡದಲ್ಲಿ ಹೇಳು" ಅಂತ ಗದರಿದರೆ ಮಾತೇ ನಿಂತುಹೋಗುತ್ತದೆ. ಅವನು "ಬಿಗ್ ಬರ್ಡ್" ಅಂದರೆ ನೀವು "ಹೌದಾ, ದೊಡ್ಡ ಹಕ್ಕಿನಾ? ಎಲ್ಲಿ ಕೂತಿತ್ತು, ಮರದ ಮೇಲಾ ಬೇಲಿ ಮೇಲಾ?" ಅನ್ನಿ. ಬೇಕಾದ ಪದ ನಿಮ್ಮ ಪ್ರಶ್ನೆಯಲ್ಲೇ ಇದೆ. ಅವನು ಆರಿಸಿಕೊಂಡರೆ ಸಾಕು.

ಅಜ್ಜಿಯ ವಿಷಯ ನನಗೆ ಹೆಚ್ಚು ಮುಖ್ಯ. "ಊಟ ಆಯ್ತಾ, ಸ್ಕೂಲ್ ಹೇಗಿದೆ" ಅಂದರೆ ಯಾವ ಮಗುವೂ ಹ್ಞೂಂ ಅಂತಲೇ ಹೇಳುತ್ತದೆ. ಇಬ್ಬರಿಗೂ ಸೇರಿ ಮಾಡುವ ಒಂದು ಕೆಲಸ ಕೊಡಿ. ಅಜ್ಜಿ ಹತ್ತಿರ ಅಳಗುಳಿ ಮಣೆ ಇದ್ದರೆ ತೆಗೆಯಲಿ. ಎರಡು ಸಾಲು, ಏಳೇಳು ಕುಳಿ. ಇಲ್ಲಿ ಅವನಿಗೆ ಏಳೇಳು ಕುಳಿ ಆಗುವ ಹಾಗೆ ಕತ್ತರಿಸಿ ಜೋಡಿಸಿದ ಮೊಟ್ಟೆ ಟ್ರೇ, ಒಂದು ಹಿಡಿ ಕಾಳು ಸಾಕು. ಅಜ್ಜಿ ಅಲ್ಲಿ ಆಡಿದ್ದನ್ನು ಇವನು ಇಲ್ಲಿ ಎಣಿಸಿ ಹಾಕಬೇಕು. "ಅಜ್ಜಿ, ಅದಲ್ಲ, ಇದು!" ಅಂತ ಕೂಗಲೇಬೇಕಾಗುತ್ತದೆ. ಆ ಕೂಗು ಕನ್ನಡದಲ್ಲೇ ಬರುತ್ತದೆ, ಯಾಕೆಂದರೆ ಅಜ್ಜಿಗೆ ಬೇರೆ ಭಾಷೆ ತಿಳಿಯುವುದಿಲ್ಲ.

ಹೊತ್ತು ನೋಡಿ ಕರೆ ಮಾಡಿ. ರಾತ್ರಿ ನಿದ್ದೆಗಣ್ಣಿನಲ್ಲಿ ಬೇಡ. ಶಾಲೆಯಿಂದ ಬಂದು ತಿಂಡಿ ತಿನ್ನುವ 4 ಗಂಟೆಗೆ ದಾವಣಗೆರೆಯಲ್ಲಿ 11.30, ನಿಮ್ಮಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಟ್ಟಾಗ 10.30. ಅಜ್ಜಿ ಅಡುಗೆಮನೆಯಲ್ಲಿರುವ ಹೊತ್ತು. ಫೋನನ್ನು ಡಬ್ಬಿಗೆ ಒರಗಿಸಿಟ್ಟು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾ ಮಾತಾಡಲಿ. ಅತ್ತೆ, ಸೋದರಮಾವ, ದೊಡ್ಡಮ್ಮ ಅಂತ ಕರೆದೇ ಪರಿಚಯಿಸಲಿ. ಆಂಟಿ, ಅಂಕಲ್‌ನಲ್ಲಿ ಯಾರು ಯಾರಿಗೆ ಏನು ಅಂತ ತಿಳಿಯುವುದೇ ಇಲ್ಲ.

ಮತ್ತೊಬ್ಬರ ಪ್ರಶ್ನೆ: ಮೇಡಂ, ಮನೆಯಲ್ಲಿ ತುಳು, ಕನ್ನಡ, ಡೇಕೇರ್‌ನಲ್ಲಿ ಇಂಗ್ಲಿಷ್. ಮಗಳಿಗೆ ಎರಡು ವರ್ಷ ಮೂರು ತಿಂಗಳು. ಎಲ್ಲ ಸೇರಿ ಹತ್ತು ಹನ್ನೆರಡು ಪದ ಅಷ್ಟೇ. ಮೂರು ಭಾಷೆ ಜಾಸ್ತಿ ಆಯ್ತಾ? ಸುಮ್ನೆ ಕಾಯಲಾ?

ಉತ್ತರ: ಕಾಯಬೇಡಿ. ಎಲ್ಲ ಭಾಷೆಯ ಪದ ಸೇರಿಸಿ ಎಣಿಸಿದ್ದು ಸರಿ. ಎರಡು ವರ್ಷಕ್ಕೆ ಸುಮಾರು 50 ಪದ, "ಅಪ್ಪ ಬಾ" ತರಹ ಎರಡು ಪದದ ಜೋಡಣೆ ಬರಬೇಕು. ಬರದಿದ್ದರೆ ಕಾರಣ ಭಾಷೆಗಳಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ವಾಕ್ ಚಿಕಿತ್ಸಕರನ್ನು ನೋಡಿ. ಮೂರೂ ಭಾಷೆಯಲ್ಲಿ ಅವಳು ಹೇಳುವ ಪದಗಳನ್ನು ಬರೆದುಕೊಂಡು ಹೋಗಿ. ತುಳು ಬಿಡಬೇಡಿ.