ಸಹಾಯ ಬೇಕು: ಬೋರ್ಡೋ ರೆಡ್ ವೈನ್ ಇನ್ನೂ ಇಡಬಹುದಾ?

ಎಲ್ಲರಿಗೂ ನಮಸ್ಕಾರ. ಫ್ರಾನ್ಸ್‌ನ ಬೋರ್ಡೋ ಪ್ರದೇಶದ ಸೇಂಟ್ ಜೂಲಿಯನ್ ಕಡೆಯ 2010ರ ಎರಡು ಬಾಟಲಿ ಇಟ್ಟಿದ್ದೆ. ಶನಿವಾರ ಒಂದನ್ನು ತೆರೆದೆವು. ದ್ರಾಕ್ಷಿ ತಳಿಗಳಲ್ಲಿ ಕ್ಯಾಬರ್ನೆ ಸಾವಿನ್ಯೋನ್ ಜಾಸ್ತಿ, ಮೆರ್ಲೋ ಕಡಿಮೆ.

ಬಿಳಿ ಹಾಳೆಯ ಮೇಲೆ ಗ್ಲಾಸ್ ಓರೆ ಮಾಡಿ ನೋಡಿದೆ. ನಡುವೆ ಕಡುಗೆಂಪು, ಅಂಚಿಗೆ ಇಟ್ಟಿಗೆ ಬಣ್ಣ. ಮೂಗಿಗೆ ಆಗಷ್ಟೇ ಚೂಪು ಮಾಡಿದ ಪೆನ್ಸಿಲ್ ವಾಸನೆ, ಎಷ್ಟು ಚೆನ್ನಾಗಿತ್ತು! ಆದರೆ ಬಾಯಲ್ಲಿ ಹಸಿ ಅಡಿಕೆ ಅಗಿದ ಹಾಗೆ ಒಗರು, ವಸಡೇ ಹಿಡಿದುಕೊಂಡಿತು. ಅದು ಟ್ಯಾನಿನ್, ಅಂದರೆ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಒಗರಿನ ಅಂಶ, ಅಂತ ಗೊತ್ತು. ಎರಡು ಗಂಟೆ ಡಿಕ್ಯಾಂಟರ್‌ನಲ್ಲಿ (ವೈನ್‌ಗೆ ಗಾಳಿ ತಾಗಲು ಸುರಿದಿಡುವ ಗಾಜಿನ ಪಾತ್ರೆ) ಇಟ್ಟ ಮೇಲೆ ಸ್ವಲ್ಪ ಮೆತ್ತಗಾಯಿತು.

ಉಳಿದ ಬಾಟಲಿಯನ್ನು ಇನ್ನೂ ಐದು ವರ್ಷ ಇಡಲಾ? ಒಗರು ಇಳಿಯುವ ಮೊದಲೇ ಹಣ್ಣಿನ ರುಚಿ ಹೋಗಿಬಿಟ್ಟರೆ ಅಂತ ಭಯ. ಕುಡಿದು ನೋಡುವಾಗ ಇದನ್ನು ಹೇಗೆ ಅಂದಾಜು ಮಾಡುತ್ತೀರಿ? ಅನುಭವ ಇರುವವರು ದಯವಿಟ್ಟು ಹೇಳಿ. ಅಂದಹಾಗೆ, ನಾವು ಕುಡಿದಾಗ ಕೋಣೆ 24 ಡಿಗ್ರಿ ಇತ್ತು. ವೈನ್ 17ರ ಹತ್ತಿರ ಇರಬೇಕಿತ್ತು ಅಲ್ವಾ?